ಎಂವಿ-ಎಚ್‌ಇವಿಸಿ ಎರಡು ವ್ಯೂ: ಎನ್‌ಕೋಡಿಂಗ್ ಸಮಯ ಇಳಿಸಲು ಹೋದರೆ ಬಲಗಣ್ಣಿನ ಚಿತ್ರ ಕೆಡುತ್ತಿದೆ. ಎಲ್ಲಿ ಕತ್ತರಿ ಹಾಕಬೇಕು?

ಎರಡುಕಣ್ಣು

ಎಲ್ಲರಿಗೂ ನಮಸ್ಕಾರ. ವೀಣೆ ಪಾಠದ ಸ್ಟೀರಿಯೋ ವಿಡಿಯೋಗಳನ್ನು ಎಂವಿ-ಎಚ್‌ಇವಿಸಿಗೆ (ಎರಡು ಕಣ್ಣಿನ ಚಿತ್ರಗಳನ್ನು, ಅಂದರೆ ವ್ಯೂಗಳನ್ನು, ಒಟ್ಟಿಗೆ ಸಂಕುಚಿಸುವ ಮಾದರಿ) ಎನ್‌ಕೋಡ್ ಮಾಡಬೇಕು, ನೋಡುವುದು ಹೆಡ್‌ಸೆಟ್‌ನಲ್ಲಿ.

ವಿಡಿಯೋ 1920×1080, ಸೆಕೆಂಡಿಗೆ 30 ಫ್ರೇಮ್. ಎರಡು ಕ್ಯಾಮೆರಾ ಸಮಾನಾಂತರವಾಗಿವೆ, ನಡುವೆ 65 ಮಿ.ಮೀ. ಅಂತರ. ಫೋಕಲ್ ಲೆಂತ್ ಪಿಕ್ಸೆಲ್ ಲೆಕ್ಕದಲ್ಲಿ ಸುಮಾರು 1500. ವೀಣೆ 1.2 ಮೀಟರ್ ದೂರದಲ್ಲಿದೆ, ಹಿಂದಿನ ಕಪ್ಪು ಪರದೆ 3 ಮೀಟರ್ ದೂರದಲ್ಲಿ. ರೆಕ್ಟಿಫಿಕೇಶನ್, ಅಂದರೆ ಎರಡೂ ಚಿತ್ರದ ಸಾಲುಗಳನ್ನು ಒಂದೇ ಮಟ್ಟಕ್ಕೆ ತರುವುದು, ಆಗಿದೆ. ಎನ್‌ಕೋಡರ್ ಎಚ್‌ಟಿಎಂ, ರ‍್ಯಾಂಡಮ್ ಆಕ್ಸೆಸ್ ಕಾನ್ಫಿಗ್, ಜಿಒಪಿ (ಒಟ್ಟಿಗೆ ಕೋಡ್ ಆಗುವ ಫ್ರೇಮ್‌ಗಳ ಗುಂಪು) 8, ಸರ್ಚ್ ರೇಂಜ್ (ಹೊಂದುವ ಬ್ಲಾಕನ್ನು ಎಷ್ಟು ಪಿಕ್ಸೆಲ್ ದೂರ ಹುಡುಕಬೇಕು) 64. ಎಡ ವ್ಯೂ ಬೇಸ್ (ತಾನಾಗಿ ಕೋಡ್ ಆಗುವುದು), ಬಲ ವ್ಯೂ ಡಿಪೆಂಡೆಂಟ್ (ಎಡದ್ದನ್ನೂ ನೋಡಿ ಕೋಡ್ ಆಗುವುದು). ಕ್ಯುಪಿ (ಹೆಚ್ಚಿದಷ್ಟೂ ಗುಣಮಟ್ಟ ಕಡಿಮೆ) 25, 30, 35, 40.

ಸಮಯ ಉಳಿಸಲು ಪರೀಕ್ಷೆಗಳನ್ನು ಬೇಗ ನಿಲ್ಲಿಸುವ ಇಸಿಯು, ಸಿಎಫ್‌ಎಂ, ಇಎಸ್‌ಡಿ ಆಯ್ಕೆಗಳು ಮೂರೂ ಆನ್ ಮಾಡಿದ್ದೇನೆ. ಜೊತೆಗೆ ಕೋಡ್ ತಿದ್ದಿ, ಬಲ ವ್ಯೂನಲ್ಲಿ ಸಿಯು (ಕೋಡಿಂಗ್ ಬ್ಲಾಕ್) ಡೆಪ್ತ್ 3, ಅಂದರೆ 64×64ನ್ನು ಮೂರು ಬಾರಿ ಒಡೆದ 8×8, ಪರೀಕ್ಷೆಯನ್ನೇ ಕೈಬಿಟ್ಟಿದ್ದೇನೆ. ಸಮಯ ಇಳಿಯಿತು, ಸರಾಸರಿ ಪಿಎಸ್‌ಎನ್‌ಆರ್ (ಗುಣಮಟ್ಟದ ಅಳತೆ) ಕೂಡ ಹೆಚ್ಚೇನೂ ಬೀಳಲಿಲ್ಲ. ಆದರೆ ಹೆಡ್‌ಸೆಟ್ ಹಾಕಿದರೆ ತಂತಿಗಳ ಸುತ್ತ ಮತ್ತು ಎಡಗೈ ಬೆರಳುಗಳ ಅಂಚಿನಲ್ಲಿ ನಡುಗಿದಂತೆ ಕಾಣುತ್ತದೆ, ಅದೂ ಬಲಗಣ್ಣಿನಲ್ಲಿ ಮಾತ್ರ. ಪರದೆಯ ಮೇಲೂ ಏನೋ ಮಿನುಗು. ನೋಡುತ್ತ ನೋಡುತ್ತ ಕಣ್ಣು ದಣಿಯುತ್ತದೆ.

ಡೆಪ್ತ್ ಮಿತಿ ತೆಗೆದರೆ ಉಳಿಸಿದ ಸಮಯವೆಲ್ಲ ಹೋಗುತ್ತದೆ. ಗುಣಮಟ್ಟ ಕೆಡದ ಹಾಗೆ ಬೇರೆ ಎಲ್ಲಿ ಕಡಿಮೆ ಮಾಡಬಹುದು?

ಕೋಡೆಕ್‌ಕಟ್ಟೆ

ಡೆಪ್ತ್ ಮಿತಿ ಮೊದಲು ತೆಗೆದುಹಾಕಿ. ಆದರೆ ಮೂಲ ತೊಂದರೆ ಅದಲ್ಲ, ನೀವೇ ಕೊಟ್ಟ ಅಂಕಿಗಳಲ್ಲಿದೆ.

ಡಿಸ್ಪ್ಯಾರಿಟಿ (ಒಂದೇ ವಸ್ತು ಎರಡು ಚಿತ್ರಗಳ ನಡುವೆ ಎಷ್ಟು ಪಿಕ್ಸೆಲ್ ಸರಿದಿದೆ) ಎಂದರೆ ಫೋಕಲ್ ಲೆಂತ್ ಗುಣಿಸು ಬೇಸ್‌ಲೈನ್ (ಕ್ಯಾಮೆರಾಗಳ ಅಂತರ), ಭಾಗಿಸು ದೂರ. ವೀಣೆಗೆ 1500 × 0.065 ÷ 1.2, ಸುಮಾರು 81 ಪಿಕ್ಸೆಲ್. ಪರದೆಗೆ 32.5. ಸರ್ಚ್ ರೇಂಜ್ 64. ಹಾಗಾದರೆ ನಿಮ್ಮ ವೀಣೆ ಸರ್ಚ್ ಕಿಟಕಿಯ ಹೊರಗೇ ಇದೆ!

ಕಿಟಕಿ ಪ್ರೆಡಿಕ್ಟರ್ (ಪಕ್ಕದ ಬ್ಲಾಕುಗಳಿಂದ ಊಹಿಸಿದ ವೆಕ್ಟರ್) ಸುತ್ತ ಕೂರುತ್ತದಲ್ಲ, ಅದು ಸರಿಮಾಡಿಕೊಳ್ಳುವುದಿಲ್ಲವೇ ಅಂತ ಕೇಳಬಹುದು. ಇಲ್ಲಿ ಎಂವಿ-ಎಚ್‌ಇವಿಸಿಯ ಒಂದು ಗುಣ ಅಡ್ಡ ಬರುತ್ತದೆ. ಇಂಟರ್-ವ್ಯೂ ರೆಫರೆನ್ಸ್ ಚಿತ್ರವನ್ನು (ಅದೇ ಕ್ಷಣದ ಇನ್ನೊಂದು ಕಣ್ಣಿನ ಚಿತ್ರ) ಯಾವಾಗಲೂ ಲಾಂಗ್-ಟರ್ಮ್ ಎಂದು ಗುರುತು ಮಾಡಲಾಗುತ್ತದೆ. ಪಕ್ಕದ ಬ್ಲಾಕ್ ಕಾಲದಿಕ್ಕಿನ ಶಾರ್ಟ್-ಟರ್ಮ್ ಚಿತ್ರವನ್ನು ಬಳಸಿದ್ದರೆ, ಅದರ ವೆಕ್ಟರ್ ಇಂಟರ್-ವ್ಯೂಗೆ ಎಎಂವಿಪಿ (ಆ ಪ್ರೆಡಿಕ್ಟರ್ ಆರಿಸುವ ಪಟ್ಟಿ) ಅಭ್ಯರ್ಥಿಯಾಗಿ ಸಲ್ಲುವುದಿಲ್ಲ, ಸ್ಕೇಲಿಂಗ್ ಕೂಡ ಇಲ್ಲ. ಪಟ್ಟಿ ಸೊನ್ನೆಯಿಂದ ತುಂಬುತ್ತದೆ. ಹುಡುಕಾಟ ಸೊನ್ನೆಯಿಂದ ಶುರುವಾಗಿ 64ಕ್ಕೆ ಗೋಡೆಗೆ ಬಡಿಯುತ್ತದೆ. ಪಕ್ಕದ ಬ್ಲಾಕ್ ಆಗಲೇ ಸರಿಯಾದ ಡಿಸ್ಪ್ಯಾರಿಟಿ ಹಿಡಿದಿದ್ದರೆ ಬೇರೆ ಮಾತು. ಆದರೆ ಆ ಮೊದಲ ಬ್ಲಾಕಿಗೆ ಯಾರು ಕೊಡಬೇಕು?

ಸಮಯ ಹಾಳಾಗುವುದೂ ಇಲ್ಲಿಯೇ. ಟಿಝಡ್ ಸರ್ಚ್ (ಎಚ್‌ಟಿಎಂನ ಹುಡುಕುವ ವಿಧಾನ) ಮೊದಲ ಸುತ್ತಿನಲ್ಲಿ ಸಿಕ್ಕ ಅತ್ಯುತ್ತಮ ಬಿಂದು 5 ಪಿಕ್ಸೆಲ್‌ಗಿಂತ ದೂರದಲ್ಲಿದ್ದರೆ ರಾಸ್ಟರ್ ಹಂತಕ್ಕೆ ಇಳಿಯುತ್ತದೆ, ಕಿಟಕಿಯನ್ನೆಲ್ಲ 5ರ ಹೆಜ್ಜೆಯಲ್ಲಿ ತಡಕುತ್ತದೆ. ಅಡ್ಡ ±64, ಲಂಬ ±56 ಇದ್ದರೆ 26 × 23, ಅಂದರೆ 598 ಬಿಂದು. ಪ್ರತಿ ಪಿಯುಗೂ (ಪ್ರೆಡಿಕ್ಷನ್ ಬ್ಲಾಕ್), ಪ್ರತಿ ಡೆಪ್ತ್‌ನಲ್ಲೂ ಇದೇ ಕಥೆ. ಒಂದು 64×64 ಸಿಟಿಯುನಲ್ಲಿ (ಅತಿ ದೊಡ್ಡ ಬ್ಲಾಕ್) 1 + 4 + 16 + 64 = 85 ಸಿಯು ಇವೆ ಎಂಬುದನ್ನು ನೆನಪಿಡಿ. ಇಷ್ಟೆಲ್ಲ ಹುಡುಕಿ ಸಿಗುವುದು ತಪ್ಪು ಉತ್ತರ.

ಮಾಡಬೇಕಾದ್ದು:

ಮೊದಲು ಲಂಬ ದಿಕ್ಕು. ರೆಕ್ಟಿಫಿಕೇಶನ್ ಆಗಿದ್ದರೆ ಲಂಬ ವ್ಯತ್ಯಾಸ ಒಂದೆರಡು ಪಿಕ್ಸೆಲ್ ಮೀರಬಾರದು. ಎಚ್‌ಟಿಎಂ ಕಾನ್ಫಿಗ್‌ನಲ್ಲಿ ಡಿಸ್ಪ್ಯಾರಿಟಿಯ ಲಂಬ ವ್ಯಾಪ್ತಿಗೆ ಪ್ರತ್ಯೇಕ ಮಿತಿ ಇದೆ, ಮೂಲ ಬೆಲೆ 56. ಅದನ್ನು 8ಕ್ಕೆ ಇಳಿಸಿ, ನಿರ್ಬಂಧದ ಸ್ವಿಚ್ 1 ಇದೆಯೇ ನೋಡಿ. ರಾಸ್ಟರ್ ಬಿಂದುಗಳು 26 × 4 = 104 ಆಗುತ್ತವೆ. ಒಂದು ಸಾಲಿನ ಬದಲಾವಣೆ, ಗುಣಮಟ್ಟಕ್ಕೆ ಧಕ್ಕೆ ಇಲ್ಲ. 4ಕ್ಕೆ ಇಳಿಸುವ ಮುನ್ನ ಚಿತ್ರದ ನಾಲ್ಕು ಮೂಲೆಗಳಲ್ಲಿ ರೆಕ್ಟಿಫಿಕೇಶನ್ ಅಳೆಯಿರಿ. ಲೆನ್ಸ್ ಡಿಸ್ಟಾರ್ಶನ್ ಉಳಿದಿದ್ದರೆ ನಡುವೆ ಸರಿಯಿದ್ದು ಮೂಲೆಯಲ್ಲಿ ತಪ್ಪಿರುತ್ತದೆ.

ಎರಡನೆಯದು ಆರಂಭದ ಬಿಂದು. ಎರಡೂ ಮೂಲ ಚಿತ್ರಗಳನ್ನು ಕಾಲು ಅಳತೆಗೆ, 480×270ಕ್ಕೆ ಇಳಿಸಿ. 16×16 ಬ್ಲಾಕುಗಳಿಗೆ ಅಡ್ಡ ದಿಕ್ಕಿನಲ್ಲಿ ಮಾತ್ರ 0ಯಿಂದ 32ರವರೆಗೆ ಎಸ್‌ಎಡಿ (ಪಿಕ್ಸೆಲ್ ವ್ಯತ್ಯಾಸಗಳ ಮೊತ್ತ) ನೋಡಿ, ಹಿಸ್ಟೋಗ್ರಾಂ ಮಾಡಿ. ನಿಮ್ಮ ದೃಶ್ಯದಲ್ಲಿ 8ರ ಹತ್ತಿರ ಒಂದು ಶಿಖರ, 20ರ ಹತ್ತಿರ ಇನ್ನೊಂದು ಬರಬೇಕು. ಎರಡನ್ನೂ ಆರಂಭದ ಬಿಂದುಗಳಾಗಿ ಕೊಡಿ. ಪೇಪರ್‌ಗಳಲ್ಲಿ ಹೇಳುವಂತೆ ಒಂದೇ ಗ್ಲೋಬಲ್ ಡಿಸ್ಪ್ಯಾರಿಟಿಯನ್ನು ಸರಾಸರಿಯಾಗಿ ತೆಗೆಯಬೇಡಿ. 32 ಮತ್ತು 81ರ ಸರಾಸರಿ 57ರ ಸುತ್ತ ಬರುತ್ತದೆ, ಅದು ಪರದೆಗೂ ಸಲ್ಲದು, ವೀಣೆಗೂ ಸಲ್ಲದು. ಸರಿಯಾದ ಕಡೆಯಿಂದ ಹೊರಟರೆ ಮೊದಲ ಸುತ್ತಿನಲ್ಲೇ ಹತ್ತಿರದ ಬಿಂದು ಸಿಕ್ಕಿ ರಾಸ್ಟರ್ ಹಂತ ಬಹುಪಾಲು ಓಡುವುದೇ ಇಲ್ಲ. ದೊಡ್ಡ ಉಳಿತಾಯ ಅಲ್ಲಿದೆ.

ಎಚ್ಚರ: ಕಾಲು ಅಳತೆಯ 20 ಎಂದರೆ ಪೂರ್ತಿ ಚಿತ್ರದಲ್ಲಿ 80 ಪಿಕ್ಸೆಲ್, ವೆಕ್ಟರ್ ಲೆಕ್ಕದಲ್ಲಿ 320, ಏಕೆಂದರೆ ವೆಕ್ಟರ್ ಇರುವುದು ಕಾಲು ಪಿಕ್ಸೆಲ್‌ನಲ್ಲಿ. ಸರ್ಚ್ ಕಿಟಕಿಯ ಗಡಿಗಳು ಮಾತ್ರ ಪೂರ್ಣ ಪಿಕ್ಸೆಲ್‌ನಲ್ಲಿ. ಈ ಎರಡನ್ನು ಕಲಸಿದರೆ ಎನ್‌ಕೋಡರ್ ಕ್ರ್ಯಾಶ್ ಆಗದು, ಸುಮ್ಮನೆ ಕೆಟ್ಟ ಫಲಿತಾಂಶ ಕೊಡುತ್ತದೆ. ದಿನಗಟ್ಟಲೆ ತಿಳಿಯದು.

ದಿಕ್ಕೂ ಒಂದೇ. ಸಮಾನಾಂತರ ಕ್ಯಾಮೆರಾದಲ್ಲಿ ವಸ್ತು ಬಲ ಚಿತ್ರದಲ್ಲಿ ಎಡಕ್ಕೆ ಸರಿದಿರುತ್ತದೆ. ಆದ್ದರಿಂದ ಬಲ ವ್ಯೂನ ಬ್ಲಾಕಿನಿಂದ ಎಡ ವ್ಯೂಗೆ ವೆಕ್ಟರ್ ಯಾವಾಗಲೂ ಧನ. ಇಂಟರ್-ವ್ಯೂ ರೆಫರೆನ್ಸ್‌ಗೆ ಕಿಟಕಿಯನ್ನು −4ರಿಂದ 96ಕ್ಕೆ ಕಟ್ಟಿಬಿಡಿ.

ಮೂರನೆಯದಕ್ಕೆ ಕೋಡ್ ಮುಟ್ಟುವುದೇ ಬೇಡ. ಜಿಒಪಿ 8ರಲ್ಲಿ 1, 3, 5, 7ನೇ ಚಿತ್ರಗಳು ಮೇಲಿನ ಟೆಂಪೊರಲ್ ಲೇಯರ್‌ನವು. ಅವುಗಳ ಅಕ್ಕಪಕ್ಕದ ಫ್ರೇಮ್‌ಗಳು ಒಂದೇ ಹೆಜ್ಜೆ ದೂರದಲ್ಲಿವೆ. 30 ಫ್ರೇಮ್‌ನಲ್ಲಿ, ಕೂತು ನುಡಿಸುವ ದೃಶ್ಯದಲ್ಲಿ, ಇಂಟರ್-ವ್ಯೂ ಅಲ್ಲಿ ಗೆಲ್ಲುವುದು ಅಪರೂಪ. ಲೇಯರ್ 1ರ (ಬಲ ವ್ಯೂ) ಜಿಒಪಿ ಸಾಲುಗಳಲ್ಲಿ ಆ ನಾಲ್ಕಕ್ಕೆ ಇಂಟರ್-ಲೇಯರ್ ರೆಫರೆನ್ಸ್ ತೆಗೆದುಬಿಡಿ, ಅರ್ಧ ಚಿತ್ರಗಳಲ್ಲಿ ಡಿಸ್ಪ್ಯಾರಿಟಿ ಹುಡುಕಾಟವೇ ಇರುವುದಿಲ್ಲ. ಆಂಕರ್ ಚಿತ್ರದಲ್ಲಿ (ಡಿಕೋಡಿಂಗ್ ಶುರುಮಾಡಬಹುದಾದ ಚಿತ್ರ) ಮಾತ್ರ ಕೈ ಹಾಕಬೇಡಿ. ಬಲ ವ್ಯೂನ ಐರ‍್ಯಾಪ್ ಚಿತ್ರಕ್ಕೆ ಇಂಟರ್-ವ್ಯೂ ಬಿಟ್ಟರೆ ಇಂಟ್ರಾ (ಅದೇ ಚಿತ್ರದೊಳಗಿನಿಂದ ಊಹೆ) ಒಂದೇ ಗತಿ, ಈಗ ವೀಣೆಯ ಭಾಗ ಅಲ್ಲಿ ಇಂಟ್ರಾಗೆ ಬೀಳುತ್ತಿದೆ ಎಂದು ನನ್ನ ಊಹೆ. ಮೋಡ್ ಮ್ಯಾಪ್ (ಯಾವ ಬ್ಲಾಕಿಗೆ ಯಾವ ವಿಧಾನ ಎಂಬ ನಕ್ಷೆ) ಬಿಡಿಸಿ ನೋಡಿ.

ವೇಗದ ನೃತ್ಯ, ಕ್ರೀಡೆ ಅಥವಾ 15 ಫ್ರೇಮ್‌ನ ವಿಡಿಯೋಗೆ ಈ ಮೂರನೆಯದನ್ನು ಕಣ್ಣುಮುಚ್ಚಿ ಮಾಡಬೇಡಿ. ಬ್ರೇಕ್‌ಡ್ಯಾನ್ಸರ್ಸ್ ಟೆಸ್ಟ್ ಸೀಕ್ವೆನ್ಸ್ ಅಂಥದ್ದೇ. ಫ್ರೇಮ್‌ಗಳ ನಡುವೆ ಚಲನೆ ಹೆಚ್ಚಿದಷ್ಟೂ ಪಕ್ಕದ ಕ್ಯಾಮೆರಾದ ಚಿತ್ರಕ್ಕೆ ಬೆಲೆ ಬರುತ್ತದೆ.

ಸುಮಾ_ಇಮೇಜಿಂಗ್

ಕಟ್ಟೆಯವರು ಹೇಳಿದ್ದರ ಜೊತೆಗೆ ದೃಶ್ಯದ ಬಗ್ಗೆ ಒಂದು ಮಾತು. ವೀಣೆ ಇದಕ್ಕೆ ಸುಲಭದ ವಸ್ತುವಲ್ಲ.

ತಂತಿಗಳು ಚಿತ್ರದಲ್ಲಿ ಹೆಚ್ಚುಕಡಿಮೆ ಅಡ್ಡಲಾಗಿ ಓಡುತ್ತವೆ. ಅಡ್ಡ ತಂತಿಯ ಒಂದು ತುಂಡನ್ನು ಅಡ್ಡಲಾಗಿಯೇ ಎಷ್ಟು ಜರುಗಿಸಿದರೂ ಎಸ್‌ಎಡಿ ಬದಲಾಗುವುದಿಲ್ಲ, ಎಲ್ಲ ಡಿಸ್ಪ್ಯಾರಿಟಿಯೂ ಸರಿ ಎಂದೇ ಕಾಣುತ್ತದೆ. ದಂಡಿಯ ಮೇಲೆ 24 ಮೆಟ್ಟಿಲುಗಳಿವೆ, ಅಲ್ಲಿ ಇನ್ನೊಂದು ತರಹದ ಮೋಸ. ಒಂದು ಮೆಟ್ಟಿಲು ಪಕ್ಕದ ಮೆಟ್ಟಿಲಿಗೆ ಚೆನ್ನಾಗಿಯೇ ಹೊಂದುತ್ತದೆ. ಸಣ್ಣ ಬ್ಲಾಕಿಗೆ ಒಂದೊಂದು ಫ್ರೇಮ್‌ನಲ್ಲಿ ಒಂದೊಂದು ವೆಕ್ಟರ್ ಸಿಕ್ಕಿ, ಉಳಿಕೆ (ಊಹೆಗೂ ನಿಜ ಚಿತ್ರಕ್ಕೂ ಇರುವ ವ್ಯತ್ಯಾಸ) ಸ್ವಲ್ಪ ಸ್ವಲ್ಪ ಬದಲಾಗಿ, ಹೆಚ್ಚಿನ ಕ್ಯುಪಿಯಲ್ಲಿ ಅದು ನಡುಕವಾಗಿ ಕಾಣುತ್ತದೆ. 16×16ಕ್ಕಿಂತ ಕೆಳಗೆ ಇಳಿಯಬೇಡ ಎಂದು ನೀವು ಹೇಳಿದಾಗ ತಂತಿ, ಬೆರಳು, ಪರದೆ ಮೂರೂ ಒಂದೇ ಬ್ಲಾಕಿಗೆ ಬಿದ್ದವು. ಮೂರಕ್ಕೂ ಬೇರೆ ಬೇರೆ ಡಿಸ್ಪ್ಯಾರಿಟಿ, ಬೇರೆ ಚಲನೆ.

ಪರದೆಯ ಮಿನುಗು ಬೇರೆ ಕಾರಣದ್ದು. ಕಪ್ಪು ಭಾಗದಲ್ಲಿ ಸೆನ್ಸರ್ ನಾಯ್ಸ್ ಬಿಟ್ಟರೆ ಇನ್ನೇನೂ ಇಲ್ಲ. ಇಸಿಯು ಮತ್ತು ಇಎಸ್‌ಡಿ ಅಲ್ಲಿ ಕೂಡಲೇ ಸ್ಕಿಪ್ (ಉಳಿಕೆ ಕಳಿಸದೆ ಬರೀ ನಕಲು) ಎನ್ನುತ್ತವೆ. ಒಂದು ಕಣ್ಣಿಗೆ ನಾಯ್ಸ್ ಹೆಪ್ಪುಗಟ್ಟಿ ನಿಲ್ಲುತ್ತದೆ, ಇನ್ನೊಂದಕ್ಕೆ ಜೀವಂತವಾಗಿರುತ್ತದೆ. ಎರಡು ಕಣ್ಣಿಗೆ ಹೊಂದದ ಚಿತ್ರ ಸಿಕ್ಕಾಗ ಮಿದುಳು ಒಮ್ಮೆ ಇದನ್ನು, ಒಮ್ಮೆ ಅದನ್ನು ಆರಿಸುತ್ತದೆ, ಅದೇ ಮಿನುಗು. ಒಂದು ವ್ಯೂ ಸ್ವಲ್ಪ ಮಸುಕಾಗಿದ್ದರೆ ಇನ್ನೊಂದರ ಚುರುಕುತನ ಅದನ್ನು ಮುಚ್ಚಿಹಾಕುತ್ತದೆ, ಆದರೆ ಬ್ಲಾಕಿನಂಚುಗಳನ್ನು ಹಾಗೆ ಮುಚ್ಚುವುದಿಲ್ಲ. ಆದ್ದರಿಂದ ಬಲ ವ್ಯೂಗೆ ಕ್ಯುಪಿ 2-3 ಹೆಚ್ಚಿಸಿ ಡಿಬ್ಲಾಕಿಂಗ್, ಎಸ್‌ಎಒ ಫಿಲ್ಟರ್‌ಗಳನ್ನು ಬಿಡದೆ ಇಡುವುದು, ಡೆಪ್ತ್ ಕತ್ತರಿಸುವುದಕ್ಕಿಂತ ಎಷ್ಟೋ ವಾಸಿ. ಪರದೆಗೆ ಎನ್‌ಕೋಡ್ ಮಾಡುವ ಮೊದಲೇ ಎರಡೂ ವ್ಯೂಗೆ ಒಂದೇ ಸೆಟ್ಟಿಂಗ್‌ನಲ್ಲಿ ಸೌಮ್ಯ ಟೆಂಪೊರಲ್ ಡಿನಾಯ್ಸ್ ಕೊಡಿ. ಸ್ಕಿಪ್ ಆದ ಬ್ಲಾಕುಗಳೂ ಆಗ ತಪ್ಪಾಗಿ ಕಾಣುವುದಿಲ್ಲ.

ಇನ್ನೊಂದು ಪರೀಕ್ಷೆ: ಎರಡು ಕ್ಯಾಮೆರಾಗಳ ಶಟರ್ ಒಟ್ಟಿಗೇ ಬೀಳುತ್ತಿದೆಯೇ? ಜೆನ್‌ಲಾಕ್ ಇಲ್ಲದೆ ಅರ್ಧ ಫ್ರೇಮ್ ಹಿಂದೆಮುಂದಾದರೆ 16.7 ಮಿಲಿಸೆಕೆಂಡ್ ವ್ಯತ್ಯಾಸ. ಸೆಕೆಂಡಿಗೆ 600 ಪಿಕ್ಸೆಲ್ ಓಡುವ ಬೆರಳು ಅಷ್ಟರಲ್ಲಿ 10 ಪಿಕ್ಸೆಲ್ ಸರಿದಿರುತ್ತದೆ. ಅದು ಲಂಬವಾಗಿ ಸರಿದರೆ ಮೇಲೆ ಹೇಳಿದ ±8ರ ಕಿಟಕಿಯಿಂದ ಹೊರಗೆ. ಮೀಟುವ ಬಲಗೈಯಲ್ಲಿ ಇದು ಮೊದಲು ಕಾಣುತ್ತದೆ. ಬಣ್ಣ, ಎಕ್ಸ್‌ಪೋಷರ್ ಕೂಡ ಲಾಕ್ ಆಗಿರಬೇಕು. ಬ್ಲಾಕ್ ಮಟ್ಟದಲ್ಲಿ ಬೆಳಕು ಸರಿದೂಗಿಸುವ ಉಪಾಯ ಇರುವುದು 3ಡಿ-ಎಚ್‌ಇವಿಸಿಯಲ್ಲಿ, ಎಂವಿ-ಎಚ್‌ಇವಿಸಿಯಲ್ಲಿ ಇಲ್ಲ. ಇಲ್ಲಿ ಸ್ಲೈಸ್ ಮಟ್ಟದ ವೆಯ್ಟೆಡ್ ಪ್ರೆಡಿಕ್ಷನ್ ಮಾತ್ರ. ಅದಕ್ಕಿಂತ ಮುಂಚೆಯೇ ಹಿಸ್ಟೋಗ್ರಾಂ ಮ್ಯಾಚ್ ಮಾಡಿಬಿಡುವುದು ಸುಲಭ.

ಬಿಟ್‌ರೇಟ್ ಭಟ್ಟ

ಎಚ್‌ಟಿಎಂ ಸಂಶೋಧನೆಯ ರೆಫರೆನ್ಸ್ ಸಾಫ್ಟ್‌ವೇರ್ ಸ್ವಾಮಿ, ಪಾಠದ ವಿಡಿಯೋ ಹಂಚುವುದಕ್ಕೆ ಅದನ್ನು ಯಾಕೆ ಹಿಡಿದುಕೊಂಡಿದ್ದೀರಿ? ಎಕ್ಸ್265 ಎನ್‌ಕೋಡರ್ ತನ್ನ 4.0 ಆವೃತ್ತಿಯಿಂದ, ಅಂದರೆ 2024ರಿಂದ, ಎಂವಿ-ಎಚ್‌ಇವಿಸಿ ಮಾಡುತ್ತದೆ. ಬಿಲ್ಡ್ ಮಾಡುವಾಗ ಮಲ್ಟಿವ್ಯೂ ಆಯ್ಕೆ ಆನ್ ಮಾಡಬೇಕು, ಇಲ್ಲದಿದ್ದರೆ ಆ ಸ್ವಿಚ್‌ಗಳೇ ಕಾಣುವುದಿಲ್ಲ. ಅರ್ಲಿ-ಸ್ಕಿಪ್, ಲಿಮಿಟ್-ರೆಫ್ಸ್, ಲಿಮಿಟ್-ಮೋಡ್ಸ್ ಎಲ್ಲ ಅದರಲ್ಲಿ ಮೊದಲೇ ಇವೆ. ಆರ್-ಸ್ಕಿಪ್ 2 ಕೊಟ್ಟರೆ ಬ್ಲಾಕಿನಲ್ಲಿ ಅಂಚುಗಳ ಸಾಂದ್ರತೆ ನೋಡಿ ಒಡೆಯಬೇಕೋ ಬೇಡವೋ ಎಂದು ತೀರ್ಮಾನಿಸುತ್ತದೆ, ತಂತಿಯಂಥ ದೃಶ್ಯಕ್ಕೆ ಅದೇ ಸರಿ. ಮೋಷನ್ ರೇಂಜ್ 57 ಎಂಬ ಮೂಲ ಬೆಲೆ ನಿಮ್ಮ 81ಕ್ಕೆ ಸಾಲದು, 96 ಮಾಡಿ.

ಸಂಶೋಧನೆಯೇ ಗುರಿಯಾದರೆ ಒಂದು ಸೂಚನೆ: ಎಚ್‌ಟಿಎಂ ಮೇಲೆ ಸಿಕ್ಕ ಉಳಿತಾಯದ ಶೇಕಡಾವಾರನ್ನು ಎಕ್ಸ್265ಕ್ಕೂ ಸಿಗುತ್ತದೆ ಎಂದು ಬರೆಯಬೇಡಿ. ಎಚ್‌ಟಿಎಂ ಎಲ್ಲವನ್ನೂ ಪರೀಕ್ಷಿಸುವ ಎನ್‌ಕೋಡರ್, ಅಲ್ಲಿ ಏನು ಕಡಿದರೂ ದೊಡ್ಡದಾಗಿ ಕಾಣುತ್ತದೆ. ಡಿಸಿಷನ್ ಟ್ರೀ, ನ್ಯೂರಲ್ ನೆಟ್ ಎಂದು ಈಗಲೇ ಓಡಬೇಡಿ. ಸರ್ಚ್ ಕಿಟಕಿಯ ಹೊರಗೆ ವಸ್ತು ಇರುವಾಗ ತಯಾರಾದ ಡೇಟಾದಲ್ಲಿ ತರಬೇತಿ ಕೊಟ್ಟರೆ ಅದು ಕಲಿಯುವುದೂ ಅದೇ ತಪ್ಪನ್ನು.

ಎರಡುಕಣ್ಣು

ಧನ್ಯವಾದ. ಮೋಡ್ ಮ್ಯಾಪ್ ನೋಡಿದೆ, ಆಂಕರ್ ಚಿತ್ರಗಳಲ್ಲಿ ಕೊಡ, ದಂಡಿ, ಎರಡೂ ಕೈ ಬಹುತೇಕ ಇಂಟ್ರಾ. ಪರದೆ ಮಾತ್ರ ಇಂಟರ್-ವ್ಯೂ. ಭಟ್ಟರೇ, ಪ್ರಾಜೆಕ್ಟ್ ವರದಿಯೂ ಇದೆ, ಹಾಗಾಗಿ ಎಚ್‌ಟಿಎಂ ಬಿಡುವ ಹಾಗಿಲ್ಲ.

ಬೇಸ್ ವ್ಯೂನ ಸಿಯು ಡೆಪ್ತ್ ನೋಡಿ ಬಲ ವ್ಯೂನಲ್ಲಿ ಡೆಪ್ತ್ ಮಿತಿಗೊಳಿಸುವ ವಿಧಾನ ಪೇಪರ್‌ಗಳಲ್ಲಿ ಬಹಳ ಕಾಣುತ್ತದೆ. ನನ್ನ ಗಟ್ಟಿ ಮಿತಿಯ ಬದಲು ಅದನ್ನು ಹಾಕಬಹುದೇ? ಮತ್ತೆ 81 ಪಿಕ್ಸೆಲ್‌ನ ವೆಕ್ಟರ್‌ಗಳಿಗೇ ಬಿಟ್ ಹೆಚ್ಚು ಹೋಗುವುದಿಲ್ಲವೇ?

ಕೋಡೆಕ್‌ಕಟ್ಟೆ

ಎರಡನೆಯದನ್ನು ಮೊದಲು ಹೇಳುತ್ತೇನೆ. ಹೌದು, ಹೋಗುತ್ತದೆ. ಪ್ರೆಡಿಕ್ಟರ್ ಸೊನ್ನೆ ಇದ್ದಾಗ 320ರ ವ್ಯತ್ಯಾಸ ಬರೆಯಲು ಎಕ್ಸ್‌ಪೊನೆನ್ಷಿಯಲ್ ಗೊಲೊಂಬ್‌ನಲ್ಲಿ 16 ಬಿಟ್, ಚಿಹ್ನೆಗೆ ಇನ್ನೊಂದು. ಒಂದು 8×8 ಬ್ಲಾಕಿಗೆ ಇದು ದುಬಾರಿ, ಲಾಂಬ್ಡಾ (ಬಿಟ್‌ಗೆ ಕೊಡುವ ತೂಕ) ಸೇರಿಸಿ ನೋಡಿದಾಗ ಎನ್‌ಕೋಡರ್ ಬೇಡ ಎನ್ನುವುದೂ ಉಂಟು. ಉಪಾಯ: ಎಡ ಚಿತ್ರದ ಎಡಗಡೆಯ 56 ಕಾಲಂ, ಬಲ ಚಿತ್ರದ ಬಲಗಡೆಯ 56 ಕಾಲಂ ಕತ್ತರಿಸಿ. ಎಲ್ಲ ಡಿಸ್ಪ್ಯಾರಿಟಿಯೂ 56 ಕಡಿಮೆಯಾಗಿ ಪರದೆ −24ಕ್ಕೆ, ವೀಣೆ +25ಕ್ಕೆ ಬರುತ್ತದೆ. ವೆಕ್ಟರ್ ವ್ಯತ್ಯಾಸ 100ರ ಆಸುಪಾಸು, ಬಿಟ್ 12. ಅಗಲ 1864 ಆಗುತ್ತದೆ, 8ರಿಂದ ಭಾಗವಾಗುತ್ತದೆ, ಆದ್ದರಿಂದ ಪ್ಯಾಡಿಂಗ್ ಬೇಡ. ಬಲ ಚಿತ್ರದ ಬಲ ಅಂಚು ಎಡ ಕ್ಯಾಮೆರಾಗೆ ಕಾಣದ ಭಾಗ, ಇಂಟರ್-ವ್ಯೂಗೆ ಸದಾ ಸೋಲುವ ಪಟ್ಟಿ. ಅದರ ಬಹುಪಾಲು ಇದರಲ್ಲೇ ಹೋಗಿಬಿಡುತ್ತದೆ. ಸರ್ಚ್ ಕಿಟಕಿಯನ್ನು ಈಗ −40ರಿಂದ +40 ಮಾಡಿ. ನೋಡುವಾಗ ಸೊನ್ನೆ ಡಿಸ್ಪ್ಯಾರಿಟಿಯ ತಲ 1.74 ಮೀಟರ್‌ಗೆ ಬಂದಿರುತ್ತದೆ, ಪ್ಲೇಯರ್ ಸಮಾನಾಂತರ ಚಿತ್ರವನ್ನೇ ಬಯಸಿದರೆ ತೋರಿಸುವಾಗ ಆ 56ನ್ನು ವಾಪಸ್ ಕೊಡಬೇಕು.

ಇನ್ನು ಡೆಪ್ತ್. ಬೇಸ್ ವ್ಯೂನಿಂದ ತೆಗೆದುಕೊಳ್ಳಬಹುದು, ಆದರೆ ನಂಬಲು ಯೋಗ್ಯವಾದ ಕಡೆ ಮಾತ್ರ. ಬ್ಲಾಕಿನ ಜಾಗಕ್ಕೆ ಹಿಸ್ಟೋಗ್ರಾಂನಿಂದ ಬಂದ ಡಿಸ್ಪ್ಯಾರಿಟಿ ಕೂಡಿಸಿ ಬೇಸ್ ವ್ಯೂನಲ್ಲಿ ಅದರ ಜೋಡಿ ಹುಡುಕಿ. ಅದು ಸಾಮಾನ್ಯವಾಗಿ ಎರಡು ಸಿಟಿಯುಗಳ ಮೇಲೆ ಹರಡಿರುತ್ತದೆ. ಎರಡರಲ್ಲೂ ಇರುವ ಅತಿ ಹೆಚ್ಚಿನ ಡೆಪ್ತ್ ತೆಗೆದುಕೊಳ್ಳಿ, ಸರಾಸರಿ ಬೇಡ. ಆ ಡೆಪ್ತ್ 0 ಇದ್ದರೆ 0, 1 ಮಾತ್ರ ಪರೀಕ್ಷಿಸಿ. 1 ಇದ್ದರೆ 0ಯಿಂದ 2. 2 ಅಥವಾ 3 ಇದ್ದರೆ 3ರವರೆಗೂ ಬಿಡಿ, ಆದರೆ 3 ಇದ್ದಲ್ಲಿ 64×64ಕ್ಕೆ ಸ್ಕಿಪ್, ಮರ್ಜ್ (ಪಕ್ಕದ ಬ್ಲಾಕಿನ ವೆಕ್ಟರನ್ನೇ ಪಡೆಯುವುದು) ಬಿಟ್ಟು ಬೇರೇನೂ ನೋಡಬೇಡಿ. ಪರದೆಯಲ್ಲಿ ಬಹಳ ಉಳಿಯುತ್ತದೆ, ಬೆರಳಿನಲ್ಲಿ ಏನೂ ಉಳಿಯುವುದಿಲ್ಲ. ಉಳಿಯಬಾರದು ಕೂಡ.

ನಂಬಬಾರದ ಕಡೆ ಯಾವುದು? ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಡಿಸ್ಪ್ಯಾರಿಟಿ ಲೆಕ್ಕಹಾಕಿ, ಕಾಲು ಅಳತೆಯಲ್ಲಿ 1ಕ್ಕಿಂತ ಹೆಚ್ಚು ತಪ್ಪಿದ ಬ್ಲಾಕುಗಳು. ಬಲ ವ್ಯೂನಲ್ಲಿ ವಸ್ತುವಿನ ಬಲಬದಿಗೆ ಹೊಸದಾಗಿ ಕಾಣುವ ಪರದೆಯ ಪಟ್ಟಿ ಹೀಗೆ ತಾನಾಗಿ ಸಿಕ್ಕಿಬೀಳುತ್ತದೆ. ಸುಮಾ ಅವರು ಹೇಳಿದ ತಂತಿಗಳಲ್ಲಿ ಎಸ್‌ಎಡಿ ಒಂದನ್ನೇ ನೋಡಿದರೆ ಎಲ್ಲವೂ ಸರಿಯೆನಿಸಿ ಮೋಸ ಹೋಗುತ್ತೀರಿ, ಆದ್ದರಿಂದಲೇ ಈ ಎರಡು ಕಡೆಯ ತಾಳೆ. ಅಂಥ ಬ್ಲಾಕುಗಳಿಗೆ ಮಿತಿ ಹಾಕದೆ ಪೂರ್ತಿ ಪರೀಕ್ಷೆ ಮಾಡಿ.

ಬೇಗ ಸ್ಕಿಪ್ ಎನ್ನುವ ತೀರ್ಮಾನಕ್ಕೂ ಲೇಯರ್ ಲೆಕ್ಕ ಬೇಕು. ಬೇಸ್‌ನ ಜೋಡಿ, ಎಡ, ಮೇಲೆ ಮೂರೂ ಸ್ಕಿಪ್ ಇದ್ದು, ಈ ಬ್ಲಾಕಿನ ಸ್ಕಿಪ್ ಆರ್‌ಡಿ ಕಾಸ್ಟ್ (ಬಿಟ್ ಮತ್ತು ತಪ್ಪಿನ ಒಟ್ಟು ಬೆಲೆ) ಎಡ, ಮೇಲಿನ ಎರಡರ ಸರಾಸರಿಯ 1.1 ಪಟ್ಟಿನೊಳಗಿದ್ದರೆ ಮೇಲಿನ ಲೇಯರ್‌ನಲ್ಲಿ ಅಲ್ಲಿಗೇ ನಿಲ್ಲಿಸಬಹುದು. ಹೋಲಿಸುವಾಗ ಬೇಸ್‌ನ ಕಾಸ್ಟ್ ಬೇಡ, ಬಲ ವ್ಯೂಗೆ ಕ್ಯುಪಿ ಬದಲಿಸಿದರೆ ಲಾಂಬ್ಡಾ ಬೇರೆ. 8ನೇ ಚಿತ್ರದಲ್ಲಿ ಮಾತ್ರ ಇದನ್ನು ಆಫ್ ಮಾಡಿ. ಅಲ್ಲಿನ ತಪ್ಪು ನಡುವಿನ ಏಳೂ ಚಿತ್ರಗಳಿಗೆ, ಮುಂದಿನ ಜಿಒಪಿಗೂ ಹರಡುತ್ತದೆ. 1, 3, 5, 7ರ ತಪ್ಪನ್ನು ಬೇರೆ ಯಾವ ಚಿತ್ರವೂ ಎರವಲು ಪಡೆಯುವುದಿಲ್ಲ. ಇದೆಲ್ಲ ಎನ್‌ಕೋಡರ್ ಆಯ್ಕೆಯಷ್ಟೇ, ಡಿಕೋಡರ್‌ಗೆ ಏನೂ ತಿಳಿಯಬೇಕಿಲ್ಲ.

ಸುಮಾ_ಇಮೇಜಿಂಗ್

ವರದಿ ಬರೆಯುವುದಾದರೆ ಅಳತೆಯ ಬಗ್ಗೆ. ಬೇಸ್ ವ್ಯೂ ಮುಟ್ಟದೆ ಬಲ ವ್ಯೂನಲ್ಲಿ ಮಾತ್ರ ಉಳಿಸುತ್ತಿದ್ದೀರಿ. ಒಟ್ಟು ಸಮಯದಲ್ಲಿ ಬಲ ವ್ಯೂನ ಪಾಲು ಶೇ. 55 ಎಂದುಕೊಂಡರೆ, ಅದರೊಳಗೆ ಶೇ. 60 ಉಳಿಸಿದರೂ ಒಟ್ಟಾರೆ ಶೇ. 33 ಮಾತ್ರ. ಎರಡೂ ಅಂಕಿ ಕೊಡಿ, ಒಂದನ್ನೇ ಕೊಟ್ಟರೆ ಯಾವುದೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಸಿಪಿಯು ಟರ್ಬೋ ಆಫ್ ಮಾಡಿ, ಒಂದೇ ಕೋರ್‌ಗೆ ಕಟ್ಟಿಹಾಕಿ, ಯೂಸರ್ ಟೈಮ್ ತೆಗೆದುಕೊಳ್ಳಿ. ಬಿಡಿ-ರೇಟ್ (ಅದೇ ಗುಣಮಟ್ಟಕ್ಕೆ ಬೇಕಾಗುವ ಬಿಟ್‌ಗಳ ವ್ಯತ್ಯಾಸ) ಅನ್ನು ಎರಡೂ ವ್ಯೂಗೆ ಒಟ್ಟಾಗಿ ಮತ್ತು ಬಲ ವ್ಯೂಗೆ ಪ್ರತ್ಯೇಕವಾಗಿ. ಸರಾಸರಿಯ ಜೊತೆಗೆ ಅತಿ ಕೆಟ್ಟ ಶೇ. 5 ಸಿಟಿಯುಗಳ ಪಿಎಸ್‌ಎನ್‌ಆರ್ ಬೇರೆ ತೆಗೆಯಿರಿ. ಚಿತ್ರದ ಬಹುಭಾಗ ಕಪ್ಪು ಪರದೆ ಇರುವಾಗ ಬೆರಳುಗಳ ಹಾನಿ ಸರಾಸರಿಯಲ್ಲಿ ಕಾಣುವುದೇ ಇಲ್ಲ, ನಿಮ್ಮ ಮೊದಲ ಫಲಿತಾಂಶದಲ್ಲಿ ಆದದ್ದು ಅದೇ.

ಬಿಟ್‌ರೇಟ್ ಭಟ್ಟ

ಅಳೆಯುವ ಮೊದಲು ಡಿಕೋಡ್ ಆದ ಫೈಲ್‌ನಲ್ಲಿ ಎರಡು ವ್ಯೂ ಇವೆಯೇ ನೋಡಿ. ಸಾಮಾನ್ಯ ಎಚ್‌ಇವಿಸಿ ಡಿಕೋಡರ್ ಬೇಸ್ ಲೇಯರ್ ಬಿಚ್ಚಿ ಸುಮ್ಮನಾಗುತ್ತದೆ, ಎರರ್ ಕೂಡ ಕೊಡುವುದಿಲ್ಲ. ಎಫ್‌ಎಫ್‌ಎಂಪೆಗ್‌ಗೆ ಎಂವಿ-ಎಚ್‌ಇವಿಸಿ ಡಿಕೋಡಿಂಗ್ ಬಂದದ್ದು 7.1ರಲ್ಲಿ, ಅದರಲ್ಲೂ ಕೇಳದಿದ್ದರೆ ಬರುವುದು ಬೇಸ್ ವ್ಯೂ ಮಾತ್ರ. ವ್ಯೂ ಐಡಿಗಳ ಆಯ್ಕೆಗೆ −1 ಕೊಟ್ಟರೆ ಎರಡೂ ಬರುತ್ತವೆ. ಏನು ಕಡಿದರೂ ಪಿಎಸ್‌ಎನ್‌ಆರ್ ಒಂದಿಷ್ಟೂ ಅಲುಗಾಡದಿದ್ದರೆ ನೀವು ಅಳೆಯುತ್ತಿರುವುದು ಎಡಗಣ್ಣನ್ನು.